ಈ ರೇಟಿಗೆ ಬರುವ ರೈಫಲ್

ಶಿರಸಿಯ ಪೇಟೆಯಲ್ಲಿ ನನ್ನದೊಂದು ಆಟದ ಸಾಮಾನಿನ ಅಂಗಡಿಯಿದೆ. ಕ್ಯಾರಂ ಬೋರ್ಡು, ಶಟಲ್ ಬ್ಯಾಟು, ವಾಲಿಬಾಲ್ ನೆಟ್ಟು, ಶಾಲೆಗಳ ಕ್ರೀಡಾಕೂಟಕ್ಕೆ ಬೇಕಾದ ಕಪ್ಪು, ಮೆಡಲು. ಇವುಗಳ ಜೊತೆ ಏಳು ವರ್ಷ ನಾನು ಏರ್ ರೈಫಲ್‌ಗಳನ್ನೂ ಮಾರಿದೆ. ಅಂಗಡಿಯ ಹಿಂದೆ ಉದ್ದನೆಯ ಒಂದು ತಗಡಿನ ಶೆಡ್ಡಿತ್ತು. ಅದರ ಒಂದು ತುದಿಗೆ ಹಳೆ ಹಾಸಿಗೆಗಳನ್ನು ನಿಲ್ಲಿಸಿ, ಮುಂದೆ ಹಲಗೆ ಕಟ್ಟಿ, ಗುರಿ ಹೊಡೆಯುವ ಜಾಗ ಮಾಡಿಕೊಂಡಿದ್ದೆ. ಭಾನುವಾರ ಹತ್ತು ಹನ್ನೆರಡು ಜನ ಸೇರುತ್ತಿದ್ದರು.

ಮದ್ದಿಲ್ಲದೆ ಗಾಳಿಯ ಒತ್ತಡಕ್ಕೇ ಸಣ್ಣ ಗುಂಡು ಹಾರಿಸುವ ಈ ರೈಫಲ್ಲಿಗೆ ಲೈಸೆನ್ಸ್ ಬೇಡ. ಅದೇ ಅದರ ದೊಡ್ಡ ಗುಣ. ಮನೆಯಲ್ಲಿ ಅಜ್ಜನ ಕಾಲದ ಕೋವಿ ಇದ್ದವರು ಪ್ರತಿ ಚುನಾವಣೆಗೂ ಅದನ್ನು ಠಾಣೆಗೆ ಒಪ್ಪಿಸಿ, ಮತ್ತೆ ಬಿಡಿಸಿಕೊಳ್ಳಲು ಅಲೆದು ಬೇಸತ್ತಿದ್ದರು. ಅಂಥವರು ನನ್ನಲ್ಲಿಗೆ ಬಂದರು. ಮಂಗಗಳನ್ನು ಹೆದರಿಸಬೇಕು ಎನ್ನುವವರು ಬಂದರು. ಗುರಿ ಹೊಡೆಯುವ ಸ್ಪರ್ಧೆಗೆ ಹೋಗಬೇಕೆಂಬ ಆಸೆಯ ಮೇಷ್ಟ್ರುಗಳು, ಬ್ಯಾಂಕಿನವರು ಬಂದರು. ಸ್ಪರ್ಧೆಗೆಂದೇ ಮಾಡಿದ ಒಳ್ಳೆಯ ರೈಫಲ್ಲಿಗೆ ಒಂದು ಬೈಕಿನ ಬೆಲೆ. ನಾನು ಮಾರುತ್ತಿದ್ದುದಕ್ಕೆ ಸಾಧಾರಣ ಮೊಬೈಲಿನ ಬೆಲೆ. ಎರಡೂ ನೋಡುವುದಕ್ಕೆ ಒಂದೇ ಥರ ಇದ್ದವು. ಆ ಹೋಲಿಕೆಯ ಮೇಲೆಯೇ ನನ್ನ ವ್ಯಾಪಾರ ನಡೆಯುತ್ತಿತ್ತು.

ದೂರುಗಳು ಬರುತ್ತಿದ್ದವು. ಗುರಿ ನೋಡುವ ಮುಳ್ಳು ಅಲ್ಲಾಡುತ್ತದೆ, ಒಂದು ಮಳೆಗಾಲಕ್ಕೇ ಮರದ ಹಿಡಿ ಬಿರಿಯಿತು, ಬೆಳಿಗ್ಗೆ ಎಡಕ್ಕೆ ಹೊಡೆಯುವುದು ಮಧ್ಯಾಹ್ನ ಬಲಕ್ಕೆ ಹೊಡೆಯುತ್ತದೆ. ಎಲ್ಲರಿಗೂ ನನ್ನದು ಒಂದೇ ಉತ್ತರ. "ತಪ್ಪು ರೈಫಲ್ಲಿನದ್ದಲ್ಲ, ಕೈಯದ್ದು." ಇದನ್ನು ನಾನು ಮೆಲ್ಲಗೆ ಹೇಳುತ್ತಿರಲಿಲ್ಲ. ಅಂಗಡಿಯಲ್ಲಿ ನಾಲ್ಕು ಜನ ಇರುವ ಹೊತ್ತು ನೋಡಿ ಹೇಳುತ್ತಿದ್ದೆ. ನಾಲ್ಕು ಜನರೆದುರು ಕೈ ನಡುಗುವವನು ಅನ್ನಿಸಿಕೊಳ್ಳಲು ಯಾವ ಗಂಡಸಿಗೆ ಇಷ್ಟ? ದೂರು ತಂದವರು ದೂರನ್ನು ಅಲ್ಲೇ ನುಂಗಿಕೊಂಡು ರೈಫಲ್ ಹೆಗಲಿಗೇರಿಸಿ ಹೋಗುತ್ತಿದ್ದರು. ಅವರು ಮೆಟ್ಟಿಲಿಳಿಯುವುದನ್ನು ನೋಡುವುದು ನನಗೆ ಖುಷಿಯ ಕೆಲಸವಾಗಿತ್ತು. ಸುಳ್ಳು ಯಾಕೆ ಹೇಳಲಿ.

ಆಗ ಅಂಗಡಿಗೆ ಒಬ್ಬಾಕೆ ಬರುತ್ತಿದ್ದಳು, ಯಲ್ಲಾಪುರದವಳು. ದರ್ಜಿ ಕೆಲಸ. ಗಂಡ ಲಾರಿ ಚಾಲಕ. ಶಾಲೆಗಳ ಕ್ರೀಡಾಕೂಟದಲ್ಲಿ ಓಟಗಾರರು ಎದೆಗೆ ಕಟ್ಟಿಕೊಳ್ಳುವ ನಂಬರಿನ ಬಟ್ಟೆಗಳನ್ನು ನನ್ನ ಅಂಗಡಿಗೆ ಹೊಲಿದು ಕೊಡುತ್ತಿದ್ದಳು. ಮೂವತ್ತೈದರ ಆಸುಪಾಸಿನ ತೆಳ್ಳಗಿನ ಹೆಂಗಸು. ಮಾತು ಕಡಿಮೆ. ಗಂಟು ಇಳಿಸಿ, ಎಣಿಸಿ ಕೊಟ್ಟು, ಮುಂದಿನ ಬಸ್ಸಿಗೆ ಹೋಗಿಬಿಡುವವಳು. ಒಂದು ಭಾನುವಾರ ಬಸ್ಸು ತಪ್ಪಿ, ಶೆಡ್ಡಿನ ಬಾಗಿಲಲ್ಲಿ ನಿಂತು ನಾವು ಹೊಡೆಯುವುದನ್ನು ನೋಡುತ್ತಿದ್ದಳು. ಬ್ಯಾಂಕಿನ ಒಬ್ಬರು ತಮಾಷೆಗೆ, "ನೀವೂ ಒಂದು ಕೈ ನೋಡ್ತೀರಾ?" ಎಂದು ಕೇಳಿದರು. ಆಕೆ ಚಪ್ಪಲಿ ಬಿಟ್ಟು ಒಳಗೆ ಬಂದಳು.

ಐದು ಗುಂಡು ಹೊಡೆದಳು. ಹಲಗೆಯಿಂದ ಕಾಗದ ಬಿಚ್ಚಿ ತಂದು ನೋಡಿದರೆ ಐದು ತೂತೂ ಒಂದು ಕೋಟಿನ ಬಟನ್ ಮುಚ್ಚುವಷ್ಟು ಜಾಗದಲ್ಲಿದ್ದವು. ಕಾಗದ ಕೈಯಿಂದ ಕೈಗೆ ಹೋಯಿತು. ಆಕೆ ಮಾತ್ರ, "ಸೂಜಿಗೆ ದಾರ ಹಾಕಿದಂಗೇ ಅಲ್ರಿ ಸರ್, ಉಸಿರು ಹಿಡಿಬೇಕು ಅಷ್ಟೆ" ಎಂದಳು.

ಅಂದಿನಿಂದ ಹದಿನೈದು ದಿನಕ್ಕೊಮ್ಮೆ ಭಾನುವಾರ ಬರತೊಡಗಿದಳು. ಜಿಲ್ಲೆಯ ಸ್ಪರ್ಧೆಯಲ್ಲಿ ಹೆಂಗಸರ ವಿಭಾಗವಿದೆ, ಕಳಿಸುತ್ತೇನೆ ಎಂದು ನಾನೇ ಆಸೆ ಹಚ್ಚಿದೆ. ಆಕೆಗೆ ನನ್ನ ಮೇಲೆ ಗೌರವ ಬೆಳೆಯಿತು. ನಾನು ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದಳು. ಹೆಜ್ಜೆ ಹೀಗಿಡು ಎಂದರೆ ಹೀಗೆ, ಭುಜ ಸಡಿಲ ಬಿಡು ಎಂದರೆ ಸಡಿಲ. ಮನೆಯಲ್ಲಿ ಒನಕೆ ಹಿಡಿದು ನಿಲ್ಲುವ ಅಭ್ಯಾಸ ಮಾಡುತ್ತೇನೆ ಎಂದು ನಾಚಿಕೊಂಡು ಹೇಳಿದ್ದಳು.

ಆದರೆ ನನಗೆ ಬೇರೊಂದು ಉಪಯೋಗ ಹೊಳೆದಿತ್ತು. ದೂರು ತಂದ ಗಿರಾಕಿಯನ್ನು ನಾನು ಭಾನುವಾರಕ್ಕೇ ಬರಹೇಳುತ್ತಿದ್ದೆ. ಬಂದ ಮೇಲೆ ಶೆಡ್ಡಿಗೆ ಕರೆದೊಯ್ದು ಅವನದೇ ರೈಫಲನ್ನು ಆಕೆಯ ಕೈಗೆ ಕೊಡುತ್ತಿದ್ದೆ. ಆಕೆ ಮೊದಲ ಎರಡು ಗುಂಡಿನಲ್ಲಿ ಅದರ ವಾರೆಯನ್ನು ತಿಳಿದುಕೊಂಡು, ಅಷ್ಟು ಬಿಟ್ಟು ಗುರಿಯಿಟ್ಟು, ಉಳಿದದ್ದನ್ನು ನಡುವಿಗೇ ಹೊಡೆಯುತ್ತಿದ್ದಳು. ನಾನು ಕಾಗದವನ್ನು ಗಿರಾಕಿಯ ಕೈಗೆ ಕೊಟ್ಟು, "ಬ್ಲೌಸ್ ಹೊಲಿಯುವ ಹೆಂಗಸು ಹೊಡೀತಾಳೆ. ನಿಮಗೆ ಎಂತ ತೊಂದರೆ?" ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಆಕೆ ನಗುತ್ತಿರಲಿಲ್ಲ. ಒಮ್ಮೆ, "ಅವರು ಹೇಳೋದು ಸುಳ್ಳಲ್ಲ ಸರ್, ಇದು ವಾರೆ ಐತಿ" ಎಂದದ್ದಕ್ಕೆ ನಾನು ಕಣ್ಣು ಕೆಂಪಗೆ ಮಾಡಿದ್ದೆ. ಮತ್ತೆ ಹೇಳಲಿಲ್ಲ.

ಆ ರೈಫಲ್ಲಿಗೆ ಗುಂಡು ತುಂಬುವ ರೀತಿಯನ್ನು ಇಲ್ಲಿ ಹೇಳಬೇಕು. ಪಕ್ಕದಲ್ಲಿ ಒಂದು ಲಿವರ್. ಅದನ್ನು ಎಳೆದರೆ ಒಳಗಿನ ದಪ್ಪ ಸ್ಪ್ರಿಂಗು ಮುದುಡಿ, ಒಂದು ಉಕ್ಕಿನ ಕೊಳವೆ ಹಿಂದಕ್ಕೆ ಸರಿದು, ಮೇಲ್ಗಡೆ ಒಂದು ಕಿಂಡಿ ತೆರೆದುಕೊಳ್ಳುತ್ತದೆ. ಹಿಂದೆ ಸರಿದ ಕೊಳವೆಯನ್ನು ಒಂದು ಸಣ್ಣ ಕೊಕ್ಕೆ ಹಿಡಿದಿಟ್ಟುಕೊಳ್ಳುತ್ತದೆ. ಕಿಂಡಿಯೊಳಗೆ ಹೆಬ್ಬೆರಳು ಹಾಕಿ ಗುಂಡನ್ನು ಅದರ ತೂತಿಗೆ ಒತ್ತಬೇಕು. ಆಗ ಕೊಕ್ಕೆ ಜಾರಿದರೆ ಕೊಳವೆ ಅಷ್ಟೂ ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಅದಕ್ಕೇ ಬೆರಳು ಹೊರಗೆ ಬರುವ ತನಕ ಇನ್ನೊಂದು ಕೈಯಿಂದ ಲಿವರನ್ನು ಬಿಗಿಯಾಗಿ ಹಿಡಿದೇ ಇರಬೇಕು. ಒಳ್ಳೆಯ ರೈಫಲ್ಲಿನಲ್ಲಿ ಕೊಕ್ಕೆ ಜಾರಿದರೂ ತಡೆಯುವ ಎರಡನೆಯ ಹಲ್ಲೊಂದು ಇರುತ್ತದೆ. ನಾನು ಮಾರುತ್ತಿದ್ದುದರಲ್ಲಿಯೂ ಇತ್ತು, ಹೆಸರಿಗೆ. ಅದು ಮೆತ್ತನೆ ಕಬ್ಬಿಣದ್ದು. ಒಂದು ವರ್ಷದಲ್ಲಿ ಸವೆದು ನುಣ್ಣಗಾಗುತ್ತಿತ್ತು.

ಹೆಗ್ಗರಣೆ ಕಡೆಯ ಹಿರಿಯರೊಬ್ಬರು ಒಂದು ರೈಫಲ್ ಕೊಂಡಿದ್ದರು. ದೂರದ ನೆಂಟಸ್ತಿಕೆ ಹಿಡಿದು ನಾನು ಅವರನ್ನು ಭಾವ ಎನ್ನುತ್ತಿದ್ದೆ; ಮಾತೂ ನಮ್ಮ ಮನೆಮಾತು ಹವ್ಯಕದಲ್ಲೇ. ಒಂದು ದಿನ ಅದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದರು.

"ಇದು ಬ್ಯಾಡ ತಮಾ. ಆನು ಟ್ರಿಗರಿಗೆ ಕೈ ಹಚ್ಚಿದ್ದೇ ಇಲ್ಲೆ, ಅದರಷ್ಟಕ್ಕೇ ಹೊಡ್ಕಂಡ್ತು. ಬೆರಳು ಒಳಗಿದ್ದಿದ್ರೆ ಎಂತಾಗ್ತಿತ್ತು?"

"ನಿಮ್ಮ ಕೈ ತಾಗಿಕ್ಕು ಭಾವ. ವಯಸ್ಸಾತಲ, ಗೊತ್ತಾಗ್ತಿಲ್ಲೆ."

"ವಯಸ್ಸಾಯ್ದು, ಕುರುಡಾಜಿಲ್ಲೆ" ಎಂದರು ಅವರು. ಮುಖ ಕೆಂಪಾಗಿತ್ತು. ರೈಫಲನ್ನು ಇಲ್ಲೇ ಬಿಡಿ, ಭಾನುವಾರ ಬನ್ನಿ, ತೋರಿಸುತ್ತೇನೆ ಎಂದೆ.

ಭಾನುವಾರ ಶೆಡ್ಡು ತುಂಬಿತ್ತು. ಹೊಸದಾಗಿ ಕೊಳ್ಳುವವರು ಮೂರು ಜನ ಬಂದಿದ್ದರು. ಒಬ್ಬ ಫೋನ್ ಹಿಡಿದು ವಿಡಿಯೋ ಮಾಡುತ್ತಿದ್ದ. ಹೆಗ್ಗರಣೆಯ ಭಾವ ಗೋಡೆಗೆ ಒರಗಿ ನಿಂತಿದ್ದರು. ನಾನು ಅವರ ರೈಫಲನ್ನು ಆಕೆಯ ಕೈಗೆ ಕೊಟ್ಟೆ. ಆಕೆ ಲಿವರ್ ಎಳೆದಳು. ಎಳೆದವಳು ಹಾಗೇ ನಿಂತಳು. ಗುಂಡು ಹಾಕಲಿಲ್ಲ. ಲಿವರನ್ನು ಮೆಲ್ಲಗೆ ಸಡಿಲಿಸಿ ನೋಡಿದಳು, ಮತ್ತೆ ಎಳೆದಳು.

"ಇದರ ಹಿಡಿತ ಸರಿ ಇಲ್ಲ ಸರ್. ಒಳಗೆ ಏನೋ ಜಾರ್ತದ."

ಗೋಡೆಗೆ ಒರಗಿದ್ದವರು ನೆಟ್ಟಗೆ ನಿಂತರು. ಕೊಳ್ಳಲು ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು.

"ಎಂತ ಜಾರುವುದೂ ಇಲ್ಲ. ಹೊಡಿ."

"ಬೇರೆ ರೈಫಲ್ ಕೊಡ್ರಿ, ಹೊಡಿತೇನಿ."

"ನಿನಗೆ ಹೊಲಿಗೆ ಗೊತ್ತು. ರೈಫಲ್ ಎಂತದು ಅಂತ ನನಗೆ ಗೊತ್ತು. ಹೊಡಿ."

ಆಕೆ ಎಡಗೈಯಲ್ಲಿ ಲಿವರನ್ನು ಗಟ್ಟಿಯಾಗಿ ಹಿಡಿದು, ರೈಫಲನ್ನು ತೊಡೆಗೆ ಆನಿಸಿಕೊಂಡು, ಬಲಗೈಯ ಬೆರಳಲ್ಲಿ ಗುಂಡು ತೆಗೆದುಕೊಂಡಳು. ಹಾಗೆ ತುಂಬುವುದೇ ಸರಿ. ಆದರೆ ಭಯಪಟ್ಟುಕೊಂಡು ಮೈ ಬಾಗಿಸಿ ತುಂಬುತ್ತಿದ್ದಳು, ಹಾವಿನ ಬಾಯಿಗೆ ಕೈ ಹಾಕುವವರ ಹಾಗೆ. ಇದನ್ನು ನೋಡಿದ ಮೇಲೆ ಈ ಮೂವರು ಕೊಂಡಾರೇ ಎನ್ನುವುದೊಂದೇ ಆಗ ನನ್ನ ತಲೆಯಲ್ಲಿದ್ದುದು.

"ಲಿವರ್ ಬಿಡು" ಎಂದೆ.

ಆಕೆ ನನ್ನ ಮುಖ ನೋಡಿದಳು.

"ಮಗು ಹಿಡ್ಕೊಂಡ ಹಾಗೆ ಹಿಡ್ಕೊಂಡಿದ್ದೀಯಲ್ಲ, ಬಿಡು. ಸ್ಪರ್ಧೆಗೆ ಹೋಗ್ಬೇಕು ಅಂತೀಯ, ಇಷ್ಟೇನಾ ಧೈರ್ಯ? ಬಿಟ್ಟು ತುಂಬು. ಎಲ್ಲರೂ ನೋಡ್ಲಿ."

ಯಾರೋ ನಕ್ಕರು. ಆಕೆ ಲಿವರ್ ಬಿಟ್ಟಳು. ಹೆಬ್ಬೆರಳು ಕಿಂಡಿಯೊಳಗೆ ಹೋಯಿತು.

ಸದ್ದು ದೊಡ್ಡದೇನಲ್ಲ. ಪೆಟ್ಟಿಗೆಯ ಮುಚ್ಚಳ ಹಾಕಿದಷ್ಟು. ಆಕೆ ಕೂಗಲಿಲ್ಲ. ರೈಫಲ್ ಕೈಗೆ ಕಚ್ಚಿಕೊಂಡೇ ಇತ್ತು. ನಿಂತಲ್ಲೇ ನಿಧಾನಕ್ಕೆ ಕುಳಿತಳು, ರೈಫಲ್ಲಿನ ಸಮೇತ. ಆಮೇಲೆ ರಕ್ತ ಬಂತು.

ಈಗ ಹೇಳುವುದನ್ನು ನಾನು ಇಷ್ಟು ದಿನ ಹೆಂಡತಿಗೂ ಹೇಳಿಲ್ಲ. ಆ ಕ್ಷಣದಲ್ಲಿ ನಾನು ಆಕೆಯ ಕಡೆ ಹೋಗಲಿಲ್ಲ. ವಿಡಿಯೋ ಮಾಡುತ್ತಿದ್ದವನ ಕಡೆ ಹೋದೆ. ಅವನ ಮಣಿಕಟ್ಟು ಹಿಡಿದು, "ಅಳಿಸು, ನನ್ನೆದುರಿಗೇ ಅಳಿಸು" ಎಂದೆ. ಅವನು ಅಳಿಸಿದ. ಅದರಲ್ಲಿ ನನ್ನ ದನಿ ಇತ್ತು. ನಾನು ತಿರುಗುವಷ್ಟರಲ್ಲಿ ಹೆಗ್ಗರಣೆಯ ಭಾವ ನೆಲಕ್ಕೆ ಕುಳಿತು, ಇಬ್ಬರ ಸಹಾಯದಿಂದ ಲಿವರ್ ಎಳೆದು, ಆಕೆಯ ಕೈ ಬಿಡಿಸಿ, ತಮ್ಮ ಶಾಲು ಸುತ್ತುತ್ತಿದ್ದರು. ಆಕೆಯ ಕಣ್ಣು ಮಾತ್ರ ನನ್ನ ಮೇಲಿತ್ತು.

ಬಲಗೈಯ ಹೆಬ್ಬೆರಳು ಉಗುರಿನ ಬುಡದವರೆಗೆ ಹೋಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತು ಎಂದು ಕೇಳಿದಾಗ ಉತ್ತರ ಕೊಟ್ಟದ್ದು ನಾನು. "ಲಿವರ್ ಹಿಡ್ಕೊಳ್ಳದೆ ಗುಂಡು ತುಂಬಿದ್ರು ಸರ್. ಎಷ್ಟು ಹೇಳಿದ್ರೂ ಕೇಳಲ್ಲ." ಆಕೆ ಪಕ್ಕದ ಮಂಚದಲ್ಲಿ ಮಲಗಿದ್ದಳು. ಎಚ್ಚರವಿತ್ತು. ನಾನು ಅಂದದ್ದು ಅಕ್ಷರಶಃ ಸುಳ್ಳೇನೂ ಅಲ್ಲವಲ್ಲ, ಲಿವರ್ ಹಿಡಿದಿರಲಿಲ್ಲ ಎನ್ನುವುದು ನಿಜವೇ ಎಂದು ನನಗೆ ನಾನೇ ಹೇಳಿಕೊಂಡೆ.

ಮರುದಿನ ಗಂಡ ಬಂದ. ಅಂಕೋಲಾ ಘಟ್ಟದಿಂದ ಲಾರಿಯನ್ನು ಇನ್ನೊಬ್ಬರಿಗೆ ಒಪ್ಪಿಸಿ ಬಂದಿದ್ದನಂತೆ. ಜಗಳಕ್ಕೆ ನಾನು ತಯಾರಾಗಿದ್ದೆ, ಪೇಟೆಯ ಇಬ್ಬರನ್ನು ಜೊತೆಗೆ ಕರೆದುಕೊಂಡೂ ಹೋಗಿದ್ದೆ. ಅವನು ಆಸ್ಪತ್ರೆಯ ಜಗುಲಿಯಲ್ಲಿ ನನ್ನನ್ನು ಕಂಡವನೇ ಎದ್ದು ನಿಂತು ಕೈ ಮುಗಿದ.

"ನಮ್ಮಿಂದ ನಿಮಗೆ ತೊಂದ್ರೆ ಆಯ್ತು ಸಾಹೇಬ್ರೆ. ಹೆಂಗ್ಸಿಗೆ ಯಾಕೆ ಬೇಕಿತ್ತು ಇದೆಲ್ಲ. ಅವಳು ನಂದೇ ತಪ್ಪು ಅಂದ್ಳು."

ಜೊತೆಗೆ ಬಂದಿದ್ದ ಇಬ್ಬರೂ ನನ್ನ ಬೆನ್ನು ತಟ್ಟಿದರು. ನಾನು ದೊಡ್ಡ ಮನುಷ್ಯನ ಹಾಗೆ ಅವನ ಭುಜದ ಮೇಲೆ ಕೈಯಿಟ್ಟು, "ಇರಲಿ, ಇನ್ನು ಮೇಲೆ ಜಾಗ್ರತೆ" ಎಂದೆ. ಇದನ್ನು ಬರೆಯುವಾಗಲೂ ಆ ಕೈಯನ್ನು ಎಲ್ಲಿಡಬೇಕೋ ತಿಳಿಯುತ್ತಿಲ್ಲ.

ಭಾವನ ರೈಫಲನ್ನು ನಾನೇ ಬಿಚ್ಚಿ ನೋಡಿದೆ. ಕೊಕ್ಕೆಯ ಮೂಗು ಸವೆದು ಇಳಿಜಾರಾಗಿತ್ತು, ಎರಡನೆಯ ಹಲ್ಲು ಇದ್ದೂ ಇಲ್ಲದಂತಿತ್ತು. ಅವರು ಹೇಳಿದ್ದು ನಿಜ, ಆಕೆ ಹೇಳಿದ್ದೂ ನಿಜ. ಅರದಿಂದ ಕೊಕ್ಕೆಯನ್ನು ಒಂದಿಷ್ಟು ಉಜ್ಜಿ ಚೂಪು ಮಾಡಿ, ಎಣ್ಣೆ ಹಾಕಿ, ರಕ್ತ ಒರೆಸಿ, ರೈಫಲನ್ನು ಹೆಗ್ಗರಣೆಯ ಬಸ್ಸಿನಲ್ಲಿ ಕಳಿಸಿಕೊಟ್ಟೆ. ಅಂಥ ರಿಪೇರಿ ಎಷ್ಟು ದಿನ ಬಾಳುತ್ತದೆ ಎಂದು ನನಗೆ ಗೊತ್ತಿತ್ತು.

ಆಕೆ ಎರಡು ತಿಂಗಳ ಮೇಲೆ ಮತ್ತೆ ನಂಬರಿನ ಬಟ್ಟೆಯ ಗಂಟು ತಂದಳು. ಹೊಲಿಗೆ ವಾರೆಯಾಗಿತ್ತು. ಬಟ್ಟೆಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿಯಲು ಆಗುವುದಿಲ್ಲ, ಅಭ್ಯಾಸ ಆಗುತ್ತದೆ ಸರ್, ಇನ್ನೊಂದು ಸಲ ನೋಡ್ರಿ ಎಂದಳು. ನಾನು ಒಂದು ಬಟ್ಟೆಯನ್ನು ಬೆಳಕಿಗೆ ಹಿಡಿದು, "ಶಾಲೆಯವರು ಒಪ್ಪುವುದಿಲ್ಲ" ಎಂದೆ. ಮುಂದಿನ ವರ್ಷದ ಕೆಲಸವನ್ನು ಬನವಾಸಿ ರಸ್ತೆಯ ಇನ್ನೊಬ್ಬರಿಗೆ ಕೊಟ್ಟೆ. ಆಕೆ ಕಣ್ಣೆದುರು ಬಂದರೆ ನನಗೆ ಊಟ ಸೇರುತ್ತಿರಲಿಲ್ಲ. ಆಕೆ ಬಾರದ ಹಾಗೆ ಮಾಡಿಕೊಂಡೆ, ಅಷ್ಟೆ.

ರೈಫಲ್ ಮಾರುವುದನ್ನೂ ನಿಲ್ಲಿಸಲಿಲ್ಲ. ಆ ಮೂವರಲ್ಲಿ ಇಬ್ಬರು ಒಂದು ತಿಂಗಳು ಬಿಟ್ಟು ಬಂದು ಕೊಂಡುಹೋದರು.

ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಒಬ್ಬನೇ ಇದ್ದೆ. ರಿಪೇರಿಗೆ ಬಂದ ರೈಫಲೊಂದಕ್ಕೆ ಗುಂಡು ತುಂಬುತ್ತಿದ್ದಾಗ ಕೊಕ್ಕೆ ಜಾರಿತು. ಲಿವರ್ ನನ್ನ ಎಡಗೈಯನ್ನು ಝಾಡಿಸಿ ಎಳೆಯಿತು. ಮಣಿಕಟ್ಟು ನೋವಾಯಿತು. ಬೆರಳಿಗೆ ಏನೂ ಆಗಲಿಲ್ಲ, ಯಾಕೆಂದರೆ ನಾನು ಲಿವರನ್ನು ಹಿಡಿದಿದ್ದೆ. ಏಳು ವರ್ಷದಲ್ಲಿ ಒಂದು ಸಲವೂ ನಾನು ಲಿವರ್ ಬಿಟ್ಟು ಗುಂಡು ತುಂಬಿದವನಲ್ಲ. ಅದು ನೆನಪಾದಾಗ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ನನ್ನ ಕೈಗೆ ಗೊತ್ತಿದ್ದುದನ್ನು ನನ್ನ ಬಾಯಿ ಆಕೆಗೆ ಹೇಳಲಿಲ್ಲ.

ಆ ವಾರವೇ ಯಲ್ಲಾಪುರಕ್ಕೆ ಹೋದೆ. ಆಕೆ ಮನೆಯ ಮುಂದಿನ ಕೋಣೆಯಲ್ಲಿ ಹಳೆ ಸೀರೆಗಳಿಂದ ಕೌದಿ ಹೊಲಿಯುತ್ತಿದ್ದಳು. ದೊಡ್ಡ ಹೊಲಿಗೆ, ಹೆಬ್ಬೆರಳಿನ ನಾಜೂಕು ಅಷ್ಟು ಬೇಡದ ಕೆಲಸ. ನನ್ನನ್ನು ಕಂಡು ಎದ್ದು ಕುರ್ಚಿ ಹಾಕಿದಳು. ಚಹಾ ಕೊಟ್ಟಳು. ಕಪ್ಪನ್ನು ಎಡಗೈಯಲ್ಲಿ ಕೊಟ್ಟು, "ತಪ್ಪು ತಿಳಿಬ್ಯಾಡ್ರಿ, ಬಲಗೈಲಿ ಜಾರ್ತದ" ಎಂದಳು.

ನಾನು ಹೇಳಬೇಕೆಂದು ಬಂದದ್ದನ್ನೆಲ್ಲ ಹೇಳಿದೆ. ಕೊಕ್ಕೆ ಸವೆದಿತ್ತು, ತಪ್ಪು ನನ್ನದು, ಡಾಕ್ಟರಿಗೆ ಹಾಗೆ ಹೇಳಬಾರದಿತ್ತು. ಆಕೆ ಸೂಜಿ ನಿಲ್ಲಿಸದೆ ಕೇಳಿದಳು.

"ಕೊಕ್ಕೆ ಸರಿ ಇರಲಿಲ್ಲ ಅಂತ ನನಗೆ ಗೊತ್ತಿತ್ತು ಸರ್. ನಾನೇ ಹೇಳಿದ್ದೆ ಅಲ್ರಿ. ನೀವು ಬಿಡು ಅಂದ್ರಿ. ಇವರು ಹೇಳ್ತಾರೆ ಅಂದ್ರೆ ಏನಾದ್ರೂ ಇರ್ತದ ಅಂತ ಬಿಟ್ಟೆ."

"ನನ್ನನ್ನು ಕ್ಷಮಿಸಬೇಕು."

ಆಗ ಸೂಜಿ ನಿಂತಿತು. "ನನ್ನ ಕೈ ನೋಡೋಕೆ ಮೊದಲು ನೀವು ಆ ಹುಡುಗನ ಫೋನ್ ನೋಡಿದ್ರಿ. ಅದೊಂದು ನನಗೆ ಮರಿಯಾಕ ಆಗವಲ್ದು. ಬೆರಳು ಮರೆತು ಹೋಗೇತಿ." ದಾರ ಕಚ್ಚಿ ಕಡಿದು, "ಇಲ್ಲಿ ಹೇಳಿ ಹಗುರ ಆಗಿ ಹೋಗಬ್ಯಾಡ್ರಿ. ಅಂಥ ರೈಫಲ್ ಇನ್ನೂ ಯಾರ ಯಾರ ಮನ್ಯಾಗ ಅವ, ಅವರಿಗೆ ಹೋಗಿ ಹೇಳ್ರಿ" ಎಂದಳು. ಕ್ಷಮಿಸಿದೆ ಎನ್ನಲಿಲ್ಲ. ಚಹಾ ಆರಿಹೋಗಿತ್ತು. ಕುಡಿದು ಎದ್ದೆ.

ಹೋದೆ. ರೈಫಲ್ ಮಾರುವುದನ್ನು ಅಲ್ಲಿಗೆ ನಿಲ್ಲಿಸಿ, ಒಂದೊಂದೇ ಊರಿಗೆ ಬೈಕಿನಲ್ಲಿ. ಹುಲಗೋಳದಲ್ಲಿ ಒಬ್ಬರು ಅದನ್ನು ಅಟ್ಟಕ್ಕೆಸೆದು ವರ್ಷವಾಯಿತು ಎಂದರು. ಬನವಾಸಿಯ ಅನಾನಸ್ ಬೆಳೆಗಾರನೊಬ್ಬ ತನ್ನ ರೈಫಲ್ ತಂದು ತೋರಿಸಿದ. ಕಿಂಡಿಯ ಹತ್ತಿರ ಒಂದು ಮರದ ಬೆಣೆಯನ್ನು ದಾರದಲ್ಲಿ ಕಟ್ಟಿಟ್ಟಿದ್ದ. ಗುಂಡು ತುಂಬುವಾಗ ಕೊಳವೆ ನುಗ್ಗದಂತೆ ಅದನ್ನು ಕಿಂಡಿಗೆ ಸಿಕ್ಕಿಸಿಕೊಳ್ಳುತ್ತಾನಂತೆ. ಕೊಂಡ ವಾರವೇ ಮಾಡಿಕೊಂಡದ್ದು.

"ಅವತ್ತೇ ಯಾಕೆ ನನಗೆ ಹೇಳಲಿಲ್ಲ?" ಎಂದೆ.

"ಹೇಳಿ ಏನ್ ಮಾಡೋದು? ಈ ರೇಟಿಗೆ ಇನ್ನೇನು ಬರ್ತದೆ ಮಾರಾಯ್ರೆ. ನೀವು ಬೈದು ಕಳಿಸ್ತಿದ್ರಿ, ಅಷ್ಟೆ." ಅವನು ನಗುತ್ತಲೇ ಹೇಳಿದ. ಅವನಿಗೆ ನನ್ನ ಮೇಲೆ ಸಿಟ್ಟೂ ಇರಲಿಲ್ಲ. ಹೆಚ್ಚಿನವರೆಲ್ಲ ಹಾಗೇ. ಯಾರೂ ಆ ರೈಫಲನ್ನು ನಂಬಿರಲಿಲ್ಲ, ನನ್ನ ಮಾತನ್ನಂತೂ ಮೊದಲೇ ನಂಬಿರಲಿಲ್ಲ. ಅಷ್ಟು ಗಿರಾಕಿಗಳ ನಡುವೆ ನನ್ನನ್ನು ನಂಬಿದ್ದವಳು ಒಂದೂ ರೈಫಲ್ ಕೊಳ್ಳದ ಆಕೆ ಒಬ್ಬಳೇ.

ಕೊನೆಗೆ ಹೆಗ್ಗರಣೆಗೆ ಹೋದೆ. ಭಾವ ಅಂಗಳದಲ್ಲಿ ಕುಳಿತು ಹಗ್ಗ ಹೊಸೆಯುತ್ತಿದ್ದರು. ನನ್ನನ್ನು ಬಾ ಎನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ. ನಿಂತುಕೊಂಡೇ ವಿಷಯ ಹೇಳಿದೆ. ಆ ರೈಫಲ್ ಕೊಡಿ, ನನ್ನ ಕೈಯಾರೆ ಮುರಿದು ಹಾಕುತ್ತೇನೆ ಎಂದೆ.

"ಅದು ಈಗ ಇಲ್ಲೆ. ಹೋದ ವರ್ಷವೇ ಕೊಟ್ಟಾತು. ಉಂಚಳ್ಳಿ ಜಲಪಾತ ನೋಡಲೆ ಕಾರಲ್ಲಿ ಬಂದವ್ವು, ನೀರು ಕೇಳಲೆ ಇಲ್ಲಿ ನಿಂತಿದ್ವು. ಗೋಡೆ ಮೇಲಿದ್ದಿದ್ದು ನೋಡಿ ಒಬ್ಬ ಕೇಳಿದ, ಆನು ಕೊಟ್ಟಿ."

"ಯಾವ ಊರಿನವ್ವು?"

"ಗೊತ್ತಿಲ್ಲೆ."

"ಲಿವರ್ ಹಿಡ್ಕಂಡೇ ಗುಂಡು ತುಂಬವು ಅಂತ ಅವಕ್ಕೆ ಹೇಳಿದ್ರಾ ಭಾವ?"

ಅವರು ಹೊಸೆಯುತ್ತಿದ್ದ ಹಗ್ಗವನ್ನು ಮೊಣಕಾಲ ಮೇಲಿಟ್ಟು, ಮೊದಲ ಸಲ ನನ್ನ ಮುಖ ನೋಡಿದರು.

"ನೀನು ನಂಗೆ ಹೇಳಿದ್ಯಾ?"

ನಾನು ಬೈಕು ಹತ್ತಿ ಉಂಚಳ್ಳಿಯ ತನಕ ಹೋದೆ. ಟಿಕೆಟ್ ಕೊಡುವವನನ್ನು, ಚಹಾದಂಗಡಿಯವನನ್ನು ವಿಚಾರಿಸಿದೆ. ದಿನಕ್ಕೆ ಎಷ್ಟು ಕಾರು ಬರುತ್ತವೋ ಲೆಕ್ಕವೇ ಇಲ್ಲ, ಹೋದ ವರ್ಷದ್ದು ಯಾರಿಗೆ ನೆನಪಿರುತ್ತದೆ ಎಂದರು.